ಬಾಗಿದ ಅಲಗು: ರಟ್ಟಿನ ಕತ್ತಿಯೊಂದನ್ನು ಬಣ್ಣಕ್ಕೆ ಸಿದ್ಧ ಮಾಡಿದ ಪ್ರಕರಣ

ನಾಟಕವೊಂದಕ್ಕೆ ಕತ್ತಿ ಬೇಕಿತ್ತು. ಮಾಡಲು ಮುಂದೆ ಬಂದವನು ಇಪ್ಪತ್ತರ ಆಸುಪಾಸಿನ ಹುಡುಗ. ಇಂಥ ಕೆಲಸಕ್ಕೆ ಅವನು ಕೈ ಹಾಕಿದ್ದು ಅದೇ ಮೊದಲು. ಅವನ ಹೆಸರು, ತಂಡ, ನಾಟಕ ಯಾವುದೂ ಇಲ್ಲಿ ಬೇಡ. 'ಹುಡುಗ' ಅಂದರೆ ಸಾಕು. ರಂಗದ ಸಾಮಾನು ಮಾಡಿ ಸ್ವಲ್ಪ ಅಭ್ಯಾಸ ಇದ್ದವಳು ಅಂತ ನನ್ನ ಹತ್ತಿರ ಸಲಹೆ ಕೇಳಲು ಬಂದ. ಈ ಪ್ರಕರಣದ ದೊಡ್ಡ ತಪ್ಪು ಆದದ್ದು ನನ್ನ ಸಲಹೆಯಿಂದಲೇ. ಅದನ್ನೂ ಮುಚ್ಚಿಡದೆ ಬರೆದಿದ್ದೇನೆ.

ಕೈಗೆ ಬಂದಾಗ ಕತ್ತಿ ಹೇಗಿತ್ತು

ಪ್ರದರ್ಶನಕ್ಕೆ 12 ದಿನ ಉಳಿದಿತ್ತು. ಆಕಾರದ ಮಟ್ಟಿಗೆ ಕತ್ತಿ ತಯಾರಾಗಿತ್ತು. ಅಲಗು 95 ಸೆಂ.ಮೀ. ಉದ್ದ, ಬುಡದಲ್ಲಿ 6 ಸೆಂ.ಮೀ. ಅಗಲ. ಸಾಮಾನು ತುಂಬುವ ದೊಡ್ಡ ಡಬ್ಬದ ರಟ್ಟನ್ನು ಎರಡು ಪದರ ಅಂಟಿಸಿದ್ದ. ಇಂಥ ರಟ್ಟಿನಲ್ಲಿ ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆ ಅಲೆಯಾದ ಇನ್ನೊಂದು ಹಾಳೆ ಇರುತ್ತದಲ್ಲ, ಅದು. ಅಲೆಗಳು ಅಲಗಿನ ಉದ್ದಕ್ಕೇ ಓಡುವಂತೆ ಕತ್ತರಿಸಿದ್ದ. ಅದು ಬುದ್ಧಿವಂತಿಕೆ. ಅಡ್ಡಡ್ಡ ಓಡುವಂತೆ ಕತ್ತರಿಸಿದ್ದರೆ ಒಂದು ಏಟಿಗೇ ಮಡಿಸಿಕೊಳ್ಳುತ್ತಿತ್ತು. ಹಿಡಿಗೆ ಸುತ್ತಿದ ಕಾಗದದ ಕೊಳವೆ, ಕೈ ಕಾಯುವ ಅಡ್ಡಪಟ್ಟಿಗೆ ಮೂರು ಪದರ ರಟ್ಟು, ಹಿಡಿಯ ಬುಡದಲ್ಲಿ ಒಂದು ಗುಂಡು. ಎಲ್ಲವನ್ನೂ ಗ್ಲೂ ಗನ್ನಿನಿಂದ, ಅಂದರೆ ಅಂಟಿನ ಕಡ್ಡಿಯನ್ನು ಬಿಸಿಗೆ ಕರಗಿಸಿ ಬಿಡುವ ಉಪಕರಣದಿಂದ, ಸೇರಿಸಿದ್ದ.

ಅದಾದ ಮೇಲೆ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ್ದ. ಬೆಳ್ಳಿ ಬಣ್ಣದ ಸ್ಪ್ರೇ ತಂದು ನೇರವಾಗಿ ರಟ್ಟಿನ ಮೇಲೇ ಹೊಡೆದಿದ್ದ.

ನಾನು ನೋಡಿದಾಗ ಅದು ಬೆಳ್ಳಿಯೂ ಅಲ್ಲ, ಕಬ್ಬಿಣವೂ ಅಲ್ಲ. ಒದ್ದೆ ಬೂದಿಯ ಬಣ್ಣದ ರಟ್ಟು. ಬಣ್ಣದಲ್ಲಿ ಜಾಸ್ತಿ ಪಾಲನ್ನು ಕಾಗದವೇ ಕುಡಿದಿತ್ತು. ಅಲಗಿನ ಉದ್ದಕ್ಕೂ ಅಲೆಗಳ ಗೆರೆ ಎದ್ದು ಕಾಣುತ್ತಿತ್ತು. ಮೊನೆಯಲ್ಲಿ ಅಲೆಗಳ ಬಾಯಿ ತೆರೆದು ಸಾಲಾಗಿ ತೂತು. ಅಡ್ಡಪಟ್ಟಿಯ ಬುಡದಲ್ಲಿ ಗ್ಲೂ ಗನ್ನಿನ ಅಂಟು ಗಂಟುಗಂಟಾಗಿ ನಿಂತು, ಅದರಿಂದ ಜೇಡನ ಎಳೆಯಂಥ ದಾರಗಳು ನೇತಾಡುತ್ತಿದ್ದವು.

"ಅಕ್ಕಾ, ಇನ್ನೊಂದು ಕೋಟ್ ಹೊಡೆದರೆ ಸರಿ ಹೋಗುತ್ತಾ?" ಅಂದ.

ಇಲ್ಲ ಅಂದೆ. ಬಣ್ಣ ಏನನ್ನೂ ಮುಚ್ಚುವುದಿಲ್ಲ. ಹೊಳೆಯುವ ಬಣ್ಣವಂತೂ ಇರುವ ದೋಷವನ್ನೆಲ್ಲ ಬೆಳಕಿಗೆ ಹಿಡಿದು ತೋರಿಸುತ್ತದೆ.

ಮೊದಲ ಎರಡು ಪ್ರಯತ್ನ

ನಾನು ಹೇಳುವ ಮೊದಲೇ ಅವನು 80 ನಂಬರಿನ ಒರಟು ಉಪ್ಪುಕಾಗದ ಹಿಡಿದು ಉಜ್ಜಲು ಶುರು ಮಾಡಿದ್ದ (ನಂಬರು ದೊಡ್ಡದಾದಷ್ಟೂ ಕಾಗದ ನಯ). ಐದು ನಿಮಿಷಕ್ಕೆ ಮೇಲ್ಮೈ ಪೂರ್ತಿ ಜುಂಗು. ಕಂಬಳಿ ಹುಳುವಿನ ಮೈ ಥರ. ರಟ್ಟು ಅಂದರೆ ಒತ್ತಿ ಕೂರಿಸಿದ ನಾರು, ಅಷ್ಟೇ. ಉಜ್ಜಿದರೆ ಮರದ ಹಾಗೆ ಸವೆಯುವುದಿಲ್ಲ, ನಾರು ಬಿಚ್ಚಿಕೊಂಡು ಮೇಲೇಳುತ್ತದೆ. ಎಷ್ಟು ನಯವಾದ ಕಾಗದದಿಂದ ಉಜ್ಜಿದರೂ ಇದೇ ಕತೆ. ಗ್ಲೂ ಗನ್ನಿನ ಗಂಟುಗಳನ್ನೂ ಉಜ್ಜಿ ನೋಡಿದ. ತಿಕ್ಕಾಟದ ಬಿಸಿಗೆ ಅವು ಮೆತ್ತಗಾಗಿ ಬಬಲ್ ಗಮ್ಮಿನ ಹಾಗೆ ಉಪ್ಪುಕಾಗದಕ್ಕೇ ಹತ್ತಿದವು. ಅವನ್ನು ಹರಿತ ಬ್ಲೇಡಿನಿಂದ ಕೆತ್ತಿ ತೆಗೆಯಬೇಕು, ಬೇರೆ ದಾರಿ ಇಲ್ಲ.

ಇನ್ನು ನನ್ನ ಸರದಿ. "ಮೊದಲು ರಟ್ಟಿನ ಬಾಯಿ ಮುಚ್ಚು," ಅಂದೆ. ಮರಗೆಲಸಕ್ಕೆ ಬಳಸುವ ಬಿಳಿ ಅಂಟಿಗೆ ಅಷ್ಟೇ ನೀರು ಸೇರಿಸಿ ಬ್ರಷ್‌ನಿಂದ ಬಳಿ, ಒಣಗಿದ ಮೇಲೆ ಮೇಲ್ಮೈ ಗಟ್ಟಿಯಾಗುತ್ತದೆ, ಆಮೇಲೆ ಉಜ್ಜಬಹುದು. ಸಲಹೆ ತಪ್ಪಲ್ಲ. ಅರ್ಧ ಸಲಹೆ, ಅದೇ ತಪ್ಪು. ಎರಡೂ ಕಡೆ ಒಟ್ಟಿಗೇ ಬಳಿಯಬೇಕು ಅನ್ನುವುದನ್ನು ನಾನು ಹೇಳಲಿಲ್ಲ. ನನಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಹೇಳಬೇಕು ಅಂತಲೇ ಹೊಳೆಯಲಿಲ್ಲ.

ಅವನು ಕತ್ತಿಯನ್ನು ಮೇಜಿನ ಮೇಲೆ ಮಲಗಿಸಿ, ಮೇಲಿನ ಕಡೆಗೆ ಚೆನ್ನಾಗಿ ಧಾರಾಳವಾಗಿ ಬಳಿದ. ಅರ್ಧ ಗಂಟೆಯಲ್ಲಿ ಅಲಗಿನ ನಡುಭಾಗ ಮೇಜಿನಿಂದ ಎದ್ದು ಕಮಾನಾಯಿತು. ಒಣಗಿದರೆ ಕೂರುತ್ತದೆ ಅಂದುಕೊಂಡು ಬಿಟ್ಟ. ಬೆಳಗ್ಗೆ ನೋಡಿದರೆ ಉಲ್ಟಾ: ನಡುಭಾಗ ಮೇಜಿಗೆ ತಾಗಿತ್ತು, ಮೊನೆ ಮೂರು ಸೆಂ.ಮೀ. ಮೇಲೆದ್ದಿತ್ತು.

"ಅಕ್ಕಾ, ರಾತ್ರಿ ಆ ಕಡೆ ಬಾಗಿತ್ತು, ಈಗ ಈ ಕಡೆ ಬಾಗಿದೆ. ಏನಾಗ್ತಿದೆ ಇದಕ್ಕೆ?"

ಆಗುವುದು ಇಷ್ಟೇ. ಕಾಗದದ ನಾರು ನೀರು ಕುಡಿದರೆ ಊದುತ್ತದೆ. ಒದ್ದೆಯಾದ ಬದಿ ಹಿಗ್ಗಿತು, ಒಣ ಬದಿ ಹಾಗೇ ಇತ್ತು. ಹಾಗಾಗಿ ಮೊದಲು ಒದ್ದೆ ಬದಿ ಉಬ್ಬಿತು. ಒಣಗುವಾಗ ನಾರು ಕುಗ್ಗುತ್ತದೆ, ಅದರ ಮೇಲಿನ ಅಂಟಿನ ಪೊರೆಯೂ ಕುಗ್ಗುತ್ತದೆ, ಎರಡೂ ಸೇರಿ ಅಲಗನ್ನು ತಮ್ಮ ಕಡೆಗೆ ಎಳೆಯುತ್ತವೆ. ಎರಡೂ ಬದಿಗೆ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ಬಳಿದು ನೇತು ಹಾಕಿದ್ದರೆ ಎರಡು ಕಡೆಯ ಎಳೆತವೂ ಸಮವಾಗಿ ಅಲಗು ನೆಟ್ಟಗೇ ಇರುತ್ತಿತ್ತು. ನೀರು ಕಡಿಮೆ ಹಾಕಿ ತೆಳುವಾಗಿ ಬಳಿದಿದ್ದರೆ ಇನ್ನೂ ಒಳ್ಳೆಯದು.

ಹಿಂಬದಿಗೂ ಬಳಿದು, ಎರಡು ಹಲಗೆಗಳ ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಪುಸ್ತಕದ ರಾಶಿ ಹೇರಿ ಒಂದಿಡೀ ದಿನ ಬಿಟ್ಟೆವು. ಬಾಗು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿದರೆ ಇನ್ನೂ ಅರ್ಧ ಸೆಂ.ಮೀ.ನಷ್ಟು ಬಾಗು. ಪುಸ್ತಕದ ಭಾರಕ್ಕೆ ಒಂದು ಕಡೆ ಅಲೆಗಳು ಕುಸಿದು ಹಳ್ಳ ಬೇರೆ ಬಿದ್ದಿತ್ತು.

ಉಳಿಸುವುದೋ ಬಿಡುವುದೋ

ಆಗ ಕೈಯಲ್ಲಿದ್ದದ್ದು 9 ದಿನ. ಎರಡು ದಾರಿ ಇತ್ತು. ಇದೇ ಅಲಗಿಗೆ ಪುಟ್ಟಿ ತುಂಬಿ, ಅಲೆಗಳ ಗೆರೆಯನ್ನೂ ಹಳ್ಳವನ್ನೂ ಮುಚ್ಚಿ, ಉಜ್ಜುತ್ತಾ ಹೋಗುವುದು ಒಂದು. ಅಲಗನ್ನು ಕಿತ್ತು ಹೊಸದು ಮಾಡುವುದು ಇನ್ನೊಂದು. ಹುಡುಗನಿಗೆ ಮೊದಲನೆಯದೇ ಇಷ್ಟ. ಸಹಜ ಅಲ್ವಾ? ಅಷ್ಟು ಹೊತ್ತು ಕತ್ತರಿಸಿ ಅಂಟಿಸಿದ್ದನ್ನು ಯಾರು ಬಿಸಾಡುತ್ತಾರೆ.

ನಾನು ವಾದ ಮಾಡಲಿಲ್ಲ. ಕತ್ತಿಯನ್ನು ಗೋಡೆಗೆ ಒರಗಿಸಿ, ಒಂದು ಪಕ್ಕದಿಂದ ದೀಪ ಬೀಳಿಸಿ, ಆರು ಮೀಟರ್ ದೂರ ಹೋಗಿ ನೋಡು ಅಂದೆ. ಅಷ್ಟು ದೂರದಿಂದ ಅಡ್ಡಪಟ್ಟಿಯ ಗಂಟುಗಳು ಕಾಣಲಿಲ್ಲ. ಸಣ್ಣ ಗೀರು, ಚುಕ್ಕೆ, ಬ್ರಷ್ ಗುರುತು ಯಾವುದೂ ಕಾಣಲಿಲ್ಲ. ಕಂಡದ್ದು ಎರಡೇ: ಅಲಗಿನ ಬಾಗು, ಮತ್ತು ಅಲೆಗಳ ಉದ್ದ ಗೆರೆಗಳು. ಬೆಳಕು ಪ್ರತಿ ಗೆರೆಯ ಮೇಲೂ ಸಾಲಾಗಿ ಓಡುತ್ತಿತ್ತು. ದೂರ ಹೋದಷ್ಟೂ 'ಇದು ಡಬ್ಬದ ರಟ್ಟು' ಅನ್ನುವುದು ಇನ್ನೂ ಗಟ್ಟಿಯಾಗಿ ಕಾಣುತ್ತಿತ್ತು.

ಅವನೇ ಹೇಳಿದ: "ಹಿಡಿ ಇರಲಿ ಅಕ್ಕಾ, ಅಲಗು ಹೊಸದು ಮಾಡ್ತೀನಿ."

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು ಇದೇ. ಹತ್ತಿರದಿಂದಲೇ ನೋಡುತ್ತಾ ಇದ್ದಿದ್ದರೆ ಅವನು ಮೂರು ದಿನ ಗಂಟುಗಳನ್ನು ಕೆತ್ತುವುದರಲ್ಲೇ ಕಳೆಯುತ್ತಿದ್ದ. ದೂರದಿಂದ ನೋಡಿದ ಮೇಲೆ ಯಾವ ದೋಷಕ್ಕೆ ಕೈ ಹಾಕಬೇಕು, ಯಾವುದನ್ನು ಬಿಡಬೇಕು ಅನ್ನುವುದು ತಾನಾಗಿಯೇ ತಿಳಿಯಿತು. ಫೋಟೋಗೆ ಹಿಡಿಯುವ ಕತ್ತಿಯಾಗಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಕ್ಯಾಮೆರಾ ಅರ್ಧ ಮೀಟರಿನಿಂದ ನೋಡುತ್ತದೆ, ಚುಕ್ಕೆಯನ್ನೂ ಬಿಡುವುದಿಲ್ಲ.

ಎರಡನೇ ಅಲಗು

ಈ ಸಲ ಅಲೆ ಇರುವ ರಟ್ಟನ್ನೇ ಬಿಟ್ಟೆವು. ನಡುವೆ ಒಂದು ಸೆಂ.ಮೀ. ಅಗಲದ ತೆಳು ಮರದ ಪಟ್ಟಿ. ಅದರ ಎರಡೂ ಕಡೆ ಒಂದು ಮಿ.ಮೀ. ದಪ್ಪದ ಬೈಂಡಿಂಗ್ ರಟ್ಟು. ಪ್ರತಿ ರಟ್ಟಿನ ಹೊರಮೈಯಲ್ಲಿ, ಸರಿಯಾಗಿ ನಡುವೆ, ಮೊನೆಯಿಂದ ಬುಡದವರೆಗೆ ಬ್ಲೇಡಿನಿಂದ ಅರ್ಧ ಆಳಕ್ಕೆ ಗೆರೆ ಕೊಯ್ದು ಮೆಲ್ಲಗೆ ಬಗ್ಗಿಸಿದ. ಎರಡನ್ನೂ ಎದುರುಬದುರು ಇಟ್ಟು ಅಂಚುಗಳನ್ನು ಒಂದಕ್ಕೊಂದು ಅಂಟಿಸಿದಾಗ, ನಡುವೆ ಏಣು ಇರುವ ನಿಜವಾದ ಅಲಗಿನ ಆಕಾರ ಬಂತು. ಅಂಚು ತೆಳು, ನಡು ದಪ್ಪ. ಮರದ ಪಟ್ಟಿ ಇದ್ದುದರಿಂದ ಬಾಗುವ ಭಯವೂ ಕಡಿಮೆ.

ಒಂದು ಎಡವಟ್ಟಾಯಿತು. ಅಂಟು ಒಣಗುವವರೆಗೆ ಅಂಚನ್ನು ಹಿಡಿದಿಡಲು ಬಟ್ಟೆ ಕ್ಲಿಪ್ ಹಾಕಿದ. ಒದ್ದೆ ರಟ್ಟು ಮೆತ್ತಗಿರುತ್ತದೆ, ಪ್ರತಿ ಕ್ಲಿಪ್ಪೂ ತನ್ನ ಹಲ್ಲಿನ ಗುರುತು ಬಿಟ್ಟಿತು. ಕ್ಲಿಪ್ಪಿಗೂ ರಟ್ಟಿಗೂ ನಡುವೆ ತೆಳು ಕಡ್ಡಿ ಇಟ್ಟಿದ್ದರೆ ಸಾಕಿತ್ತು. ಆಗ ಅವನಿಗೂ ಗಮನ ಇರಲಿಲ್ಲ, ನನಗೂ ಇರಲಿಲ್ಲ.

ಅಂಚಿನ ಮೇಲೆ ಕಾಗದ ಹೊದಿಸುವ ಕೆಲಸಕ್ಕೆ ಹೆಚ್ಚು ಹೊತ್ತು ಕೊಟ್ಟ. ಎರಡು ರಟ್ಟು ಸೇರುವ ಕಡೆ ಸಂದು ಕಾಣುತ್ತದೆ, ಕತ್ತರಿಸಿದ ಅಂಚು ಬಣ್ಣವನ್ನು ಜಾಸ್ತಿ ಕುಡಿಯುತ್ತದೆ. ತೆಳು ಕಾಗದದ ಚೂರುಗಳನ್ನು ಅಂಟಿನಲ್ಲಿ ಅದ್ದಿ ಅಂಚಿನ ಈಚೆಗೂ ಆಚೆಗೂ ಮಡಚಿ ಕೂರಿಸಬೇಕು. ಕತ್ತರಿಯಿಂದ ಕತ್ತರಿಸಿದ ಕಾಗದ ಬೇಡ, ಕೈಯಲ್ಲಿ ಹರಿದದ್ದು ಬೇಕು. ಕತ್ತರಿಸಿದ ಕಾಗದದ ಅಂಚು ಮೆಟ್ಟಿಲಿನ ಹಾಗೆ ನಿಲ್ಲುತ್ತದೆ. ಹರಿದದ್ದು ನಾರು ನಾರಾಗಿ ತೆಳುವಾಗುತ್ತಾ ಹೋಗಿ ಕೆಳಗಿನ ಮೈಯಲ್ಲಿ ಸೇರಿಹೋಗುತ್ತದೆ. ಬೆರಳ ತುದಿಯಿಂದ ಒಳಗಿನ ಗಾಳಿಯನ್ನು ಹೊರಕ್ಕೆ ತಳ್ಳುತ್ತಾ, ಒಂದೊಂದೇ ಚೂರು, ಎರಡೂ ಬದಿಗೆ. ನಡುವಿನ ಏಣಿನ ಕೊಯ್ತದ ಮೇಲೂ ಹಾಗೇ ಒಂದು ಸಾಲು. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ನಂತರ ಎರಡೂ ಕಡೆಗೆ ತೆಳುವಾಗಿ ಅಂಟು ಬಳಿದು, ಬುಡಕ್ಕೆ ದಾರ ಕಟ್ಟಿ ರಾತ್ರಿಯಿಡೀ ನೇತು ಹಾಕಿದೆವು. ಬೆಳಗ್ಗೆ ನೆಟ್ಟಗೇ ಇತ್ತು. ಉಗುರಿನಿಂದ ತಟ್ಟಿದರೆ ರಟ್ಟಿನ ಮಂಕು ಸದ್ದು ಹೋಗಿ ಟಕಟಕ ಅನ್ನುತ್ತಿತ್ತು.

ಪುಟ್ಟಿ, ಉಜ್ಜುವುದು, ಮತ್ತೆ ಪುಟ್ಟಿ

ರಟ್ಟನ್ನು ನಯ ಮಾಡಲು ಆಗುವುದಿಲ್ಲ. ರಟ್ಟಿನ ಮೇಲೆ ನಾವು ಕೂರಿಸಿದ್ದನ್ನು ಮಾತ್ರ ನಯ ಮಾಡಬಹುದು. ಇದು ತಲೆಗೆ ಹೋದ ಮೇಲೆ ಹುಡುಗನ ಕೈ ಬದಲಾಯಿತು. ಉಜ್ಜುವಾಗ ಕೆಳಗಿನ ರಟ್ಟು ತಲುಪುವ ಮೊದಲೇ ನಿಲ್ಲಿಸಲು ಕಲಿತ.

ಗೋಡೆಗೆ ಬಳಿಯುವ ಹಗುರ ಪುಟ್ಟಿಗೆ ಒಂದಿಷ್ಟು ಬಿಳಿ ಅಂಟು ಕಲಸಿದೆವು. ಬರೀ ಪುಟ್ಟಿ ಒಣಗಿದರೆ ಸೀಮೆಸುಣ್ಣದಂತೆ ಪುಡಿಪುಡಿ, ಅಲಗು ಸ್ವಲ್ಪ ಬಳುಕಿದರೂ ಉದುರುತ್ತದೆ. ಅಂಟು ಸೇರಿದರೆ ಹಿಡಿದುಕೊಳ್ಳುತ್ತದೆ. ಆದರೆ ಅಂಟು ಜಾಸ್ತಿಯಾದರೆ ಒಣಗಿದ ಮೇಲೆ ರಬ್ಬರಿನಂತಾಗಿ ಉಜ್ಜಲು ಬರುವುದೇ ಇಲ್ಲ. ಹುಡುಗನ ಮೊದಲ ಕಲಸು ಹಾಗೇ ಆಗಿ ಅದನ್ನು ಬಿಸಾಡಬೇಕಾಯಿತು. ಎರಡನೆಯ ಸಲ ಐದು ಪಾಲು ಪುಟ್ಟಿಗೆ ಒಂದು ಪಾಲು ಅಂಟು ಹಾಕಿದ, ಸರಿಹೋಯಿತು. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ತೆಳುವಾಗಿ ಎಳೆಯಬೇಕು. ಒಂದೇ ಸಲಕ್ಕೆ ದಪ್ಪ ಹಾಕಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಕಾರಿನ ಮೈ ತುಂಬುವ, ಎರಡು ಭಾಗ ಕಲಸಿ ಬಳಸುವ ಪುಟ್ಟಿ ಬೇಗ ಗಟ್ಟಿಯಾಗುತ್ತದೆ ಅಂತ ಯಾರೋ ಅವನಿಗೆ ಹೇಳಿದ್ದರು. ಬೇಡ ಅಂದೆ. ಅದು ಭಾರ, ವಾಸನೆ ಘಾಟು, ಬಳುಕುವ ಅಲಗಿನ ಮೇಲೆ ಅಷ್ಟು ಗಡಸು ಪದರ ಸೀಳುತ್ತದೆ.

ಉಜ್ಜಿದ್ದು ಮೊದಲು 120, ಆಮೇಲೆ 220 ನಂಬರು. ಉಪ್ಪುಕಾಗದವನ್ನು ಬೆರಳಲ್ಲಿ ಹಿಡಿದಲ್ಲ, ಒಂದು ಮರದ ತುಂಡಿಗೆ ಸುತ್ತಿ. ಬೆರಳಲ್ಲಿ ಉಜ್ಜಿದರೆ ಬೆರಳಿನ ಅಗಲದ ಹಳ್ಳವೇ ಬೀಳುತ್ತದೆ, ಏಣೂ ಮೊಂಡಾಗುತ್ತದೆ. ಮೂಗಿಗೆ ಮಾಸ್ಕ್ ಹಾಕಿಕೊಳ್ಳದೆ ಈ ಕೆಲಸಕ್ಕೆ ಕೂರಬೇಡಿ, ಪುಟ್ಟಿಯ ಧೂಳು ತುಂಬಾ ನಯ.

ಎರಡು ಜಾಗದಲ್ಲಿ ಉಜ್ಜಿದ್ದು ಜಾಸ್ತಿಯಾಗಿ ರಟ್ಟು ಇಣುಕಿತು, ಮತ್ತೆ ಜುಂಗು. ಅಲ್ಲಿ ಪುಟ್ಟಿ ಮೆತ್ತಬೇಡ, ಮೊದಲು ಒಂದು ಹನಿ ಅಂಟು ಬಳಿದು ಒಣಗಿಸು ಅಂದೆ. ಜುಂಗು ಗಟ್ಟಿಯಾದ ಮೇಲೆ ಬ್ಲೇಡಿನಲ್ಲಿ ಹೆರೆದು ಹಾಕಿದ.

ಇಷ್ಟಾದ ಮೇಲೆ ಮುಟ್ಟಿದರೆ ಗಾಜಿನಂತೆ ಅನ್ನಿಸಿತು. ಅವನು ಬಣ್ಣಕ್ಕೆ ಹೊರಟೇಬಿಟ್ಟಿದ್ದ. ಬೂದು ಬಣ್ಣದ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳದ ಪದರ) ಹೊಡೆದು ನೋಡೋಣ, ಆಮೇಲೆ ಬಣ್ಣ ಅಂದೆ. ಬಯಲಲ್ಲಿ, 25–30 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಸಲ. ಅದು ಒಣಗಿದ ಮೇಲೆ ಅದರ ಮೇಲೆ ಕಪ್ಪು ಸ್ಪ್ರೇಯನ್ನು ಮಂಜಿನ ಹಾಗೆ ಸುಮ್ನೆ ಹಾಯಿಸಿದೆವು. ಪೂರ್ತಿ ಮುಚ್ಚುವಷ್ಟಲ್ಲ, ಮೆಣಸು ಉದುರಿಸಿದಷ್ಟು. ಈಗ ಮರದ ತುಂಡಿಗೆ 320 ನಂಬರಿನ ಕಾಗದ ಸುತ್ತಿ ಹಗುರವಾಗಿ ಉಜ್ಜಬೇಕು. ಎತ್ತರ ಇರುವ ಕಡೆ ಕಪ್ಪು ಹೋಗಿ ಬೂದು ಕಾಣುತ್ತದೆ, ತಗ್ಗಿನಲ್ಲಿ ಕಪ್ಪು ಹಾಗೇ ಉಳಿಯುತ್ತದೆ. ಕಾರಿನ ಮೈ ರಿಪೇರಿ ಮಾಡುವವರ ಹಳೆಯ ಉಪಾಯ ಇದು.

ನಾಲ್ಕೈದು ಸಲ ಉಜ್ಜುವಷ್ಟರಲ್ಲಿ ಅಲಗಿನ ಒಂದು ಅಂಚಿನಲ್ಲಿ ಪುಟ್ಟ ಪುಟ್ಟ ಕಪ್ಪು ಚೌಕಗಳು ಸಾಲಾಗಿ ಮೂಡಿದವು. ಹುಡುಗ ಎಣಿಸಿದ, 11. ಅವನು ಹಾಕಿದ್ದ ಕ್ಲಿಪ್ಪುಗಳೂ 11. ಕೈಗೆ ಸಿಗದ ಹಳ್ಳಗಳು ಕಣ್ಣಿಗೆ ಸಿಕ್ಕವು. ಅವಕ್ಕೆ ಮಾತ್ರ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಷ್ಟಕ್ಕೇ ಪುಟ್ಟಿ ಎಳೆದು, ಉಜ್ಜಿ, ಮತ್ತೆ ಪ್ರೈಮರ್. ಹೀಗೆ ಮೂರು ಸುತ್ತು.

ಹಿಡಿಗೆ ಇಷ್ಟೆಲ್ಲ ಮಾಡಲಿಲ್ಲ. ಗ್ಲೂ ಗನ್ನಿನ ಗಂಟುಗಳನ್ನು ಬ್ಲೇಡಿನಿಂದ ಕೆತ್ತಿ, ಕೊಳವೆಗೆ ತೆಳು ಹಗ್ಗ ಸುತ್ತಿದ. ಅಡ್ಡಪಟ್ಟಿಯ ಅಂಚಿಗೆ ಕಾಗದ ಹೊದಿಸಿ ಒಂದೇ ಸುತ್ತು ಪುಟ್ಟಿ. ಬಡಿದು ಮಾಡಿದ ಕಬ್ಬಿಣ ಒರಟಾಗಿದ್ದರೆ ಯಾರೂ ತಪ್ಪು ಹಿಡಿಯುವುದಿಲ್ಲ.

ಬಣ್ಣ, ಮತ್ತು ಆಮೇಲೆ ಆದದ್ದು

ಬೆಳ್ಳಿ ಬಣ್ಣದ ಕೆಳಗೆ ಏನಿರಬೇಕು ಅನ್ನುವುದನ್ನು ಹಳೆಯ ಬಾಗಿದ ಅಲಗಿನ ಮೇಲೆ ಪರೀಕ್ಷೆ ಮಾಡಿದೆವು. ಅದರ ಒಂದು ತುದಿಗೆ ಪುಟ್ಟಿ ಹಾಕಿ ನಯ ಮಾಡಿ, ಅರ್ಧಕ್ಕೆ ಬೂದು ಪ್ರೈಮರ್, ಅರ್ಧಕ್ಕೆ ಹೊಳೆಯುವ ಕಪ್ಪು. ಎರಡರ ಮೇಲೂ ಒಂದೇ ಬೆಳ್ಳಿ. ಬೂದಿನ ಮೇಲೆ ಅದು ಬಣ್ಣ ಬಳಿದ ಹಾಗೆ ಕಂಡಿತು, ಕಪ್ಪಿನ ಮೇಲೆ ಲೋಹದ ಹಾಗೆ. ಮೇಲೆ ರಕ್ಷಣೆಗೆ ಅಂತ ಪಾರದರ್ಶಕ ವಾರ್ನಿಶ್ ಹೊಡೆದ ಜಾಗದಲ್ಲಿ ಹೊಳಪು ಕುಂದಿ ಬೂದಿ ಬಣ್ಣಕ್ಕೆ ತಿರುಗಿತು. ಬೆಳ್ಳಿ ಬಣ್ಣಗಳಲ್ಲಿ ಹೀಗಾಗುವುದು ಮಾಮೂಲು. ಹಾಗಾಗಿ ಅಲಗಿಗೆ ವಾರ್ನಿಶ್ ಬೇಡ, ಹಿಡಿಗೆ ಮಾತ್ರ ಅಂತ ತೀರ್ಮಾನಿಸಿದೆವು. ಬದಲಿಗೆ ನಟನಿಗೆ ಒಂದೇ ಮಾತು: ಅಲಗನ್ನು ಮುಟ್ಟಬೇಡಿ. ಅವರು ಮುಟ್ಟಿದರು ಅನ್ನಿ.

ಕತ್ತಿ ಚೆನ್ನಾಗಿಯೇ ಕಂಡಿತು. ಆದರೆ ಮೊದಲ ತಾಲೀಮು ಮುಗಿಸಿ ಬಂದಾಗ ಅಲಗು ಅಡ್ಡಪಟ್ಟಿಗೆ ಸೇರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು. ಸಂದು ಕಾಣಬಾರದು ಅಂತ ಹುಡುಗ ಅಲ್ಲಿ ಪುಟ್ಟಿಯನ್ನು ದಪ್ಪವಾಗಿ ತುಂಬಿದ್ದ. ಕತ್ತಿ ಬೀಸುವಾಗ ಹೆಚ್ಚು ಬಳುಕುವುದು ಅಲ್ಲೇ. ಬಿರುಕಿನ ಮೇಲೆ ಇನ್ನಷ್ಟು ಪುಟ್ಟಿ ಮೆತ್ತಿದ್ದರೆ ಮಾರನೇ ದಿನ ಮತ್ತೆ ಸೀಳುತ್ತಿತ್ತು. ಅಲ್ಲಿದ್ದ ಪುಟ್ಟಿಯನ್ನೆಲ್ಲ ಕೆರೆದು ತೆಗೆದು, ತೆಳು ಹತ್ತಿ ಬಟ್ಟೆಯ ಪಟ್ಟಿಯನ್ನು ಅಂಟಿನಲ್ಲಿ ಅದ್ದಿ ಸುತ್ತಿ, ಅದು ಒಣಗಿದ ಮೇಲೆ ಮೇಲಿಂದ ಪುಟ್ಟಿಯ ಒಂದೇ ತೆಳು ಎಳೆ ಕೊಟ್ಟ. ಬಟ್ಟೆ ಬಳುಕುತ್ತದೆ, ಸೀಳುವುದಿಲ್ಲ. ಉಳಿದ ತಾಲೀಮುಗಳಲ್ಲೂ ಪ್ರದರ್ಶನದಲ್ಲೂ ಆ ಜಾಗ ಅಲುಗಲಿಲ್ಲ. ಮೊನೆ ಒಂದು ಸಲ ನೆಲಕ್ಕೆ ಬಡಿದು ಸ್ವಲ್ಪ ಜಜ್ಜಿತು, ಅದನ್ನು ಹಾಗೇ ಬಿಟ್ಟೆವು.

ಕೊಂಡೊಯ್ಯುವಾಗ ಕತ್ತಿಯನ್ನು ಬಟ್ಟೆ ಚೀಲದಲ್ಲಿ ಸುತ್ತಲು ಹೇಳಿದ್ದೆ. ಗೀರು ಬೀಳದಿರಲಿ ಅನ್ನುವುದು ಒಂದು ಕಾರಣ. ನಿಜವಾದದ್ದರ ಹಾಗೆ ಕಾಣುವ ಆಯುಧವನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆದರೆ ನೋಡಿದವರು ಹೆದರುತ್ತಾರೆ, ಅದು ಇನ್ನೊಂದು.

ನಾನು ಕಲಿತದ್ದು

ನನ್ನ ಮಟ್ಟಿಗೆ ಈ ಕೆಲಸದಲ್ಲಿ ಕಷ್ಟ ಇದ್ದದ್ದು ಉಜ್ಜುವುದರಲ್ಲಿ ಅಲ್ಲ, ನೀರಿನಲ್ಲಿ. ರಟ್ಟಿಗೆ ನೀರು ಎಷ್ಟು, ಯಾವ ಕಡೆಯಿಂದ, ಎಷ್ಟು ಹೊತ್ತು ತಾಗುತ್ತದೆ ಅನ್ನುವುದನ್ನು ಕಾಯ್ದುಕೊಂಡರೆ ಉಳಿದದ್ದು ಬರೀ ತಾಳ್ಮೆ. ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದೇ 'ಎರಡೂ ಕಡೆ ಒಟ್ಟಿಗೆ' ಅಂತ. ಅಂಟು, ಬ್ರಷ್, ಉಪ್ಪುಕಾಗದದ ನಂಬರು ಎಲ್ಲ ಆಮೇಲೆ. ನೀರಿನ ತಂಟೆಯೇ ಬೇಡ ಅನ್ನುವವರು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಬಳಿಯಬಹುದು. ಅದು ನಾರನ್ನು ಅಷ್ಟಾಗಿ ಊದಿಸುವುದಿಲ್ಲ, ಬೇಗ ಒಣಗುತ್ತದೆ. ಆದರೆ ಬೆಂಕಿಯಿಂದ ದೂರ, ಗಾಳಿ ಆಡುವ ಕಡೆಯೇ ಬಳಸಬೇಕು.

ಇನ್ನೊಂದು ವಿಷಯದಲ್ಲಿ ಹುಡುಗನಿಗೂ ನನಗೂ ಇವತ್ತಿಗೂ ಒಮ್ಮತ ಇಲ್ಲ. ಮೂರನೇ ಸುತ್ತಿನ ಪುಟ್ಟಿ ಬೇಕಿರಲಿಲ್ಲ ಅನ್ನುತ್ತೇನೆ ನಾನು. ಆರು ಮೀಟರ್ ದೂರಕ್ಕೆ ಎರಡೇ ಸಾಕಿತ್ತು, ಅರ್ಧ ದಿನ ಉಳಿಯುತ್ತಿತ್ತು. ಅವನು ಒಪ್ಪುವುದಿಲ್ಲ. "ಹಿಡಿದುಕೊಂಡವರಿಗೆ ಗೊತ್ತಾಗುತ್ತೆ ಅಕ್ಕಾ," ಅನ್ನುತ್ತಾನೆ.

ಬಾಗಿದ ಹಳೆಯ ಅಲಗು ಈಗ ನನ್ನ ಕೆಲಸದ ಮೇಜಿನ ಮೇಲಿರುವ ಮೊಳೆಯಲ್ಲಿ ನೇತಾಡುತ್ತಿದೆ. ಹೊಸ ಬಣ್ಣ ಬಂದಾಗೆಲ್ಲ ಅದರ ಮೇಲೆ ಒಂದು ಪಟ್ಟೆ ಬಳಿದು ನೋಡುತ್ತೇನೆ. ಅಡ್ಡಪಟ್ಟಿ ಇದ್ದ ಕಡೆ ಇನ್ನೂ ಒಂದು ಗೇಣು ಜಾಗ ಖಾಲಿ ಇದೆ.